ಡೈಲಾಗ್ ಕಾಣೆಯಾಗುವುದೇಕೆ? ಮೋಡಲ್ ವಿಂಡೋಗಳ ಬಗ್ಗೆ ಟಿಪ್ಪಣಿ

ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಮಾನಿಟರ್‌ನಲ್ಲಿ ಖರೀದಿ ಬಿಲ್, ಇನ್ನೊಂದರಲ್ಲಿ ದಾಸ್ತಾನು. ‘ಹೊಸ ಅಡಿಕೆಯ ದರ ಬದಲಾಗಿದೆ, ಉಳಿಸಬೇಕೇ?’ ಎಂಬ ಡೈಲಾಗ್ (ಉತ್ತರ ಕೇಳುವ ಸಣ್ಣ ವಿಂಡೋ) ಬಿಲ್‌ನ ಹಿಂದೆ ತೆರೆದುಕೊಂಡಿದೆ. ಎಲ್ಲಿ ಒತ್ತಿದರೂ ಏನೂ ಆಗದು. ಕೂತವರು ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಪ್ರೋಗ್ರಾಮನ್ನೇ ಮುಚ್ಚುತ್ತಾರೆ. ಅರ್ಧ ಬರೆದ ಬಿಲ್ಲೂ ಅದರೊಂದಿಗೆ ಹೋಯಿತು.

ಪ್ರೋಗ್ರಾಂ ನಿಜಕ್ಕೂ ಹ್ಯಾಂಗ್ ಆಗಿದೆಯೇ ಎಂದು ಮೊದಲು ನೋಡಿ. ಹ್ಯಾಂಗ್ ಆಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಶೀರ್ಷಿಕೆಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಬರುತ್ತದೆ. ಅದು ಬಾರದೆ, ಒತ್ತಿದಾಗ ‘ಡಿಂಗ್’ ಸದ್ದು ಮಾತ್ರ ಕೇಳಿದರೆ ಎಲ್ಲೋ ಮೋಡಲ್ ಡೈಲಾಗ್, ಅಂದರೆ ಉತ್ತರ ಸಿಗುವವರೆಗೆ ಉಳಿದ ವಿಂಡೋಗಳನ್ನು ತಡೆಯುವ ಡೈಲಾಗ್, ಅಡಗಿದೆ. ಡೈಲಾಗ್ ತನ್ನದೇ ಮೆಸೇಜ್ ಲೂಪ್ (ಕೀ, ಮೌಸ್, ಚಿತ್ರಣದ ಸಂದೇಶಗಳನ್ನು ಸತತವಾಗಿ ನಿರ್ವಹಿಸುವ ಸುತ್ತು) ಓಡಿಸುತ್ತಿರುವುದರಿಂದ ಉಳಿದ ವಿಂಡೋಗಳು ಸರಿಯಾಗಿಯೇ ಚಿತ್ರಣಗೊಳ್ಳುತ್ತವೆ, ಆದರೆ ಅವು ನಿಷ್ಕ್ರಿಯ (ಡಿಸೇಬಲ್).

ಮೂಲ ಕಾರಣ ಹೆಚ್ಚಾಗಿ ಒಂದೇ: ಡೈಲಾಗ್‌ಗೆ ಓನರ್ (ಅದು ಸೇರಿದ ವಿಂಡೋ) ಇಲ್ಲ, ಅಥವಾ ತಪ್ಪು ಓನರ್ ಸಿಕ್ಕಿದೆ. ವಿಂಡೋಸ್‌ನಲ್ಲಿ ಓನರ್ ಇರುವ ವಿಂಡೋ ಯಾವಾಗಲೂ ಓನರ್‌ನ ಮೇಲೆಯೇ ಇರುತ್ತದೆ. ಓನರ್ ಇಲ್ಲದ್ದಕ್ಕೆ ಆ ಭರವಸೆ ಇಲ್ಲ. ವಿನ್‌ಫಾರ್ಮ್ಸ್‌ನಲ್ಲಿ (ಡಾಟ್‌ನೆಟ್‌ನ ವಿಂಡೋ ಕಟ್ಟುವ ಸಲಕರಣೆ) ಡೈಲಾಗ್ ತೆರೆಯುವ ‘ಶೋಡೈಲಾಗ್’ಗೆ ಏನೂ ಕೊಡದಿದ್ದರೆ ಆ ಕ್ಷಣದ ಸಕ್ರಿಯ ವಿಂಡೋವೇ ಓನರ್. ಬಿಲ್‌ನ ಪ್ರಶ್ನೆ ದಾಸ್ತಾನಿಗೆ ಅಂಟಿಕೊಳ್ಳುವುದು ಹೀಗೆ. ಟೈಮರ್‌ನಿಂದ ಕರೆದಾಗ ಬಳಕೆದಾರರು ಬ್ರೌಸರ್‌ನಲ್ಲಿದ್ದರೆ ಸಕ್ರಿಯ ವಿಂಡೋವೇ ಸಿಗದು. ಹಾಗಾಗಿ ಬಿಲ್‌ನೊಳಗಿಂದ ಕರೆಯುವಾಗ ‘ಶೋಡೈಲಾಗ್(ದಿಸ್)’ ಎಂದೇ ಬರೆಯಿರಿ; ‘ದಿಸ್’ ಎಂದರೆ ಆ ಬಿಲ್ ವಿಂಡೋವೇ. ಡಾಟ್‌ನೆಟ್‌ನ ಇನ್ನೊಂದು ಸಲಕರಣೆ ಡಬ್ಲ್ಯೂಪಿಎಫ್‌ನಲ್ಲಿ ‘ಓನರ್’ ಗುಣವನ್ನು ಮೊದಲೇ ತುಂಬಬೇಕು. ಆ ಓನರ್ ಒಮ್ಮೆಯಾದರೂ ತೆರೆದಿರಬೇಕು, ಇಲ್ಲವಾದರೆ ಎಕ್ಸೆಪ್ಷನ್ (ಓಡುವಾಗಿನ ದೋಷ). ಅಂಥದೇ ಇನ್ನೊಂದು ಸಲಕರಣೆ ಕ್ಯೂಟಿಯಲ್ಲಿ ಬಿಲ್ ಅನ್ನು ಪೇರೆಂಟ್ (ಓನರ್‌ನಂತೆಯೇ) ಆಗಿ ಕೊಟ್ಟು ‘ವಿಂಡೋಮೋಡಲ್’ ಇಟ್ಟರೆ, ಬಿಲ್ ಮತ್ತು ದಾಸ್ತಾನು ಒಂದೇ ಪೇರೆಂಟ್‌ನ ಕೆಳಗಿಲ್ಲದಿದ್ದಲ್ಲಿ, ಬಿಲ್ ಮಾತ್ರ ತಡೆಯಾಗುತ್ತದೆ, ದಾಸ್ತಾನು ನಡೆಯುತ್ತಲೇ ಇರುತ್ತದೆ. ಈ ಅಂಗಡಿಗೆ ಬೇಕಾದದ್ದೂ ಅದೇ.

‘ಟಾಪ್‌ಮೋಸ್ಟ್’ (ಎಲ್ಲದರ ಮೇಲಿರು) ಹಾಕಿ ಮುಗಿಸುವ ಚಾಳಿ ಬೇಡ. ಆ ಡೈಲಾಗ್ ಬ್ರೌಸರ್‌ನ ಮೇಲೂ ಕುಳಿತುಬಿಡುತ್ತದೆ, ಓನರ್‌ನ ತಪ್ಪು ಹಾಗೆಯೇ ಉಳಿಯುತ್ತದೆ. ಓನರ್ ಇಲ್ಲದ ಡೈಲಾಗ್‌ಗೆ ‘ಶೋಇನ್‌ಟಾಸ್ಕ್‌ಬಾರ್’ ಅನ್ನು ಫಾಲ್ಸ್ ಮಾಡಿದರೆ ಟಾಸ್ಕ್‌ಬಾರ್‌ನಲ್ಲೂ ಸುಳಿವು ಇರದು. ಹಿನ್ನೆಲೆ ಥ್ರೆಡ್‌ನಿಂದ (ಪ್ರೋಗ್ರಾಮಿನೊಳಗೆ ಜೊತೆಜೊತೆಗೇ ಓಡುವ ಇನ್ನೊಂದು ಕೆಲಸದ ಎಳೆ) ಮೆಸೇಜ್‌ಬಾಕ್ಸ್ ತೆರೆದರೆ ಇನ್ನೊಂದು ಪೇಚು: ಮುಖ್ಯ ವಿಂಡೋ ತಡೆಯಾಗುವುದಿಲ್ಲ, ಉತ್ತರಕ್ಕೆ ಕಾದು ಹಿನ್ನೆಲೆಯ ಕೆಲಸ ಮಾತ್ರ ನಿಂತಿರುತ್ತದೆ. ‘ಇನ್ವೋಕ್’ ಮೂಲಕ ಮುಖ್ಯ ಥ್ರೆಡ್‌ಗೆ ತಂದು ತೆರೆಯಿರಿ.

ನೇರ ವಿನ್೩೨ನಲ್ಲಿ (ವಿಂಡೋಸ್‌ನ ಮೂಲ ಫಂಕ್ಷನ್‌ಗಳು) ಡೈಲಾಗ್ ನೀವೇ ಕಟ್ಟುವುದಾದರೆ ಮುಚ್ಚುವ ಕ್ರಮ ಮುಖ್ಯ. ಮೊದಲು ಓನರ್‌ನ ತಡೆ ತೆಗೆಯಿರಿ (ಎನೇಬಲ್ ಮಾಡಿ), ಆಮೇಲೆ ಡೈಲಾಗ್ ನಾಶಮಾಡಿ. ತಿರುಗಿಸಿದರೆ ಓನರ್ ಇನ್ನೂ ನಿಷ್ಕ್ರಿಯವಾಗಿರುವುದರಿಂದ ಬೇರೊಂದು ಪ್ರೋಗ್ರಾಮಿನ ವಿಂಡೋ ಮುಂದೆ ಬಂದುಬಿಡುತ್ತದೆ.

ಎರಡನೇ ಮಾನಿಟರ್ ಕಳಚಿದ ಮೇಲೆ ಕಾಣೆಯಾಗುವ ಡೈಲಾಗ್‌ನ ಕಥೆ ಬೇರೆ. ಉಳಿಸಿಟ್ಟ ಸ್ಥಾನ ಈಗ ಪರದೆಯ ಹೊರಗಿದೆ. ಸ್ಥಾನ ಓದಿದ ಕೂಡಲೇ ಈಗಿರುವ ಪರದೆಗಳಲ್ಲಿ ಯಾವುದಕ್ಕಾದರೂ ಅದು ತಾಗುತ್ತದೆಯೇ ನೋಡಿ. ಇಲ್ಲದಿದ್ದರೆ ಓನರ್‌ನ ಮಧ್ಯಕ್ಕೆ ತನ್ನಿ. ಅಷ್ಟರೊಳಗೆ ಅಂಗಡಿಯಿಂದ ಫೋನ್ ಬಂದರೆ: ಆಲ್ಟ್+ಟ್ಯಾಬ್‌ನಿಂದ ಡೈಲಾಗ್ ಆರಿಸಿ, ಆಲ್ಟ್+ಸ್ಪೇಸ್, ‘ಎಂ’, ಬಾಣದ ಕೀ ಒಮ್ಮೆ ಒತ್ತಿ ಮೌಸ್ ಅಲ್ಲಾಡಿಸಿ. ಡೈಲಾಗ್ ಮೌಸ್‌ನ ಹಿಂದೆಯೇ ಬರುತ್ತದೆ.