ನಿಂತ ಕಾರು, ಓಡಿದ ಕಾರು: ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ನೋಡಬೇಕಾದದ್ದು

ಒಂದೇ ಮಾದರಿಯ ಎರಡು ಸ್ಪೋರ್ಟ್ಸ್ ಕಾರುಗಳಿವೆ ಅಂದುಕೊಳ್ಳಿ. ಎರಡಕ್ಕೂ ಇಪ್ಪತ್ತು ವರ್ಷ. ಒಂದು ಬರೀ 35,000 ಕಿ.ಮೀ. ಓಡಿದೆ, ಕಳೆದ ಎಂಟು ವರ್ಷ ಹೊದಿಕೆಯಡಿ ನಿಂತಿದೆ. ಇನ್ನೊಂದು 1,60,000 ಕಿ.ಮೀ. ಓಡಿದೆ, ಆದರೆ ಪ್ರತಿ ವರ್ಷದ ಸರ್ವಿಸ್ ಬಿಲ್ಲೂ ಫೈಲಿನಲ್ಲಿದೆ. ಯಾವುದನ್ನು ಮೊದಲು ನೋಡಲು ಹೋಗುತ್ತೀರಿ? ಕಲಿಯಲು ಶುರು ಮಾಡಿದ ಹೊಸದರಲ್ಲಿ ನಾನು ಹಿಂದೆ ಮುಂದೆ ನೋಡದೆ ಮೊದಲನೆಯದು ಅನ್ನುತ್ತಿದ್ದೆ. ಈಗ ಎರಡನೆಯದಕ್ಕೆ ಹೋಗುತ್ತೇನೆ. ಯಾಕೆ ಅನ್ನುವುದನ್ನು ಕಾರಿನ ಒಂದೊಂದೇ ಭಾಗ ನೋಡುತ್ತ ಹೇಳುತ್ತೇನೆ.

ಕಿಲೋಮೀಟರಿನಿಂದ ಸವೆಯುವ ಭಾಗಗಳು ಬೇರೆ, ವರ್ಷಗಳಿಂದ ಹಾಳಾಗುವ ಭಾಗಗಳು ಬೇರೆ. ಬೇರಿಂಗ್, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಓಡಿದಷ್ಟೂ ಸವೆಯುತ್ತವೆ. ರಬ್ಬರ್ ಬುಷ್, ಆಯಿಲ್ ಸೀಲ್, ಕೂಲೆಂಟ್ ಹೋಸ್, ಟೈಮಿಂಗ್ ಬೆಲ್ಟ್ ಇವೆಲ್ಲ ಕಾರು ಕದಲದಿದ್ದರೂ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಲವು ತಿಂಗಳಲ್ಲೇ ಕೆಟ್ಟು, ಆಮೇಲೆ ಅಂಟಾಗಿ ಇಂಜೆಕ್ಟರ್‌ಗಳಲ್ಲಿ ಕೂರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಆಯಿಲ್‌ಗೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ವೇಗವಾಗಿ ಓಡಿಸಲೆಂದೇ ಮಾಡಿದ ಕಾರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ.

ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಿಡುವ ಟೈಮಿಂಗ್ ಬೆಲ್ಟಿನ ವಿಷಯ ಇನ್ನೂ ಗಂಭೀರ. 1982ರಲ್ಲಿ ಬಂದ ಪೋರ್ಷೆ 944ನಂಥ ಕಾರಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿಯುತ್ತವೆ, ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚದೆ ಗತಿಯಿಲ್ಲ. ಹಾಗಾಗಿ ಬೆಲ್ಟಿಗೆ ಕಿಲೋಮೀಟರಿನ ಗಡುವಿನ ಜೊತೆ ವರ್ಷದ ಗಡುವೂ ಇರುತ್ತದೆ, ಯಾವುದು ಮೊದಲು ಬಂತೋ ಅದೇ ಲೆಕ್ಕ. “ಬೆಲ್ಟ್ ಬದಲಿಸಿ 10,000 ಕಿ.ಮೀ. ಕೂಡ ಆಗಿಲ್ಲ” ಅಂತ ಮಾರುವವರು ಹೇಳಿದರೆ, ಯಾವ ವರ್ಷ ಬದಲಿಸಿದ್ದು ಅಂತ ಕೇಳಿ.

ಟೈರಿನಲ್ಲಂತೂ ವಯಸ್ಸು ಅಚ್ಚಾಗಿಯೇ ಇರುತ್ತದೆ. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಅನ್ನುವ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದ ಟೈರು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಅದರ ಮೇಲೆ ಟೆಸ್ಟ್ ಡ್ರೈವ್‌ ಕೂಡ ಮಾಡಬೇಡಿ. ಗ್ರಿಪ್ ಎಷ್ಟು ಆಳವಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ಇಲ್ಲವೆಂದೇ ಲೆಕ್ಕ ಹಾಕಿ.

ಮೊದಲು ಬಾಡಿ, ಆಮೇಲೆ ಇಂಜಿನ್

ನಮ್ಮಲ್ಲಿ ಹೆಚ್ಚಿನವರು ಮೊದಲು ಬಾನೆಟ್ ಎತ್ತುತ್ತೇವೆ. ನಾನು ಮೊದಲು ಮಂಡಿಯೂರಿ ಕಾರಿನ ಅಡಿ ನೋಡಿ ಅನ್ನುತ್ತೇನೆ. ಇಂಜಿನ್ ಕೆಟ್ಟರೆ ಇಳಿಸಿ ರಿಪೇರಿ ಮಾಡಬಹುದು, ಬೇರೆ ಇಂಜಿನ್ ಕೂರಿಸಲೂಬಹುದು. ಆದರೆ ಭಾರ ಹೊರುವ ಜಾಗವನ್ನು ತುಕ್ಕು ತಿಂದಿದ್ದರೆ, ಅಲ್ಲಿಂದ ಮುಂದೆ ಪ್ರತಿ ಕೆಲಸವೂ ಕತ್ತರಿಸಿ ವೆಲ್ಡ್ ಮಾಡುವ ಕೆಲಸವೇ. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ಮಾತು ಹಳೆಯ ಕಾರಿಗೆ ಅಕ್ಷರಶಃ ನಿಜ, ಏಕೆಂದರೆ ತುಕ್ಕು ಹೆಚ್ಚಾಗಿ ಒಳಗಿಂದ ಹೊರಕ್ಕೆ ಬರುತ್ತದೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಆಗಲೇ ತೂತಾಗಿರುತ್ತದೆ.

1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೆಯ ಪಾಠ. ಅದರ ಬಟ್ಟೆಯ ಛಾವಣಿಯ ಮೇಲೆ ಬಿದ್ದ ನೀರು ಹಿಂಬದಿಯ ಎರಡು ಸಣ್ಣ ಕೊಳವೆಗಳ ಮೂಲಕ ಕೆಳಗೆ ಹರಿದುಹೋಗಬೇಕು. ಎಲೆ, ಧೂಳು ತುಂಬಿ ಕೊಳವೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ನಿಂತು, ಹಿಂದಿನ ಚಕ್ರದ ಮುಂಭಾಗದಲ್ಲಿ ತುಕ್ಕು ಹಿಡಿಯುತ್ತದೆ. ಪರೀಕ್ಷೆ ಸುಲಭ: ಒಂದು ಲೋಟದಷ್ಟು ನೀರನ್ನು ಆ ಕೊಳವೆಯ ಬಾಯಿಗೆ ನಿಧಾನವಾಗಿ ಬಿಡಿ, ಕಾರಿನ ಅಡಿ ಸುರಿಯುತ್ತದೆಯೇ ನೋಡಿ. ಸುರಿಯದಿದ್ದರೆ ಆ ನೀರು ಹೋದದ್ದೆಲ್ಲಿಗೆ ಅನ್ನುವುದು ನಿಮಗೆ ಗೊತ್ತು.

ನಾನು ನೋಡಲು ಹೋದ ಒಂದು ಎರಡು ಸೀಟಿನ ಕಾರಿನ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ನೋಡಲು ಚೊಕ್ಕವಾಗಿತ್ತು. ಒಪ್ಪಿಗೆ ಕೇಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ತಟ್ಟುತ್ತ ಬಂದೆ. ಟಣ್, ಟಣ್, ಟಣ್. ಕೊನೆಯ ಒಂದು ಗೇಣಿನಲ್ಲಿ ಮಾತ್ರ ದಬ್ ದಬ್. ಹೆಬ್ಬೆರಳಿನಿಂದ ಒತ್ತಿದರೆ ಬಣ್ಣದ ಪದರವೇ ಒಳಕ್ಕೆ ಕುಸಿಯಿತು, ಕೆಂಪು ಪುಡಿ ಅಂಗೈಗೆ ಉದುರಿತು. ಒಳಗೆ ಚಾಪೆ ಎತ್ತಿ ಅದರಡಿಯ ಫೋಮ್ ಹಿಂಡಿದಾಗ ನೀರು ಜಿನುಗಿತು. ಆ ಕಾರು ಓಡಿದ್ದು ಬಹಳ ಕಡಿಮೆ.

ಪುಟ್ಟಿ ಹುಡುಕಲು ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಪುಟ್ಟಿ ದಪ್ಪವಿದ್ದ ಕಡೆ ಅದು ಹಿಡಿಯದೆ ಜಾರುತ್ತದೆ. ಪೇಂಟ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಆಸುಪಾಸು ಇರುತ್ತದೆ. 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 1000 ದಾಟಿದರೆ ಅಡಿಯಲ್ಲಿ ಪುಟ್ಟಿಯಿದೆ. ಮತ್ತೆ ಬಣ್ಣ ಹೊಡೆದದ್ದೇ ತಪ್ಪಲ್ಲ, ಮುಂದಿನ ಬಂಪರ್‌ಗೆ ಕಲ್ಲು ಸಿಡಿದು ಬಣ್ಣ ಹೋಗುವುದು ಸಹಜ. ಆದರೆ ಬಾಗಿಲ ಕಂಬಕ್ಕೆ, ಛಾವಣಿಗೆ ಹೊಸ ಬಣ್ಣ ಬಿದ್ದಿದ್ದರೆ ಕಾರಣ ಕೇಳಲೇಬೇಕು. ಫೈಬರ್‌ಗ್ಲಾಸ್ ಬಾಡಿಯ ಕಾರ್ವೆಟ್‌ ಅಥವಾ ಲೋಟಸ್ ಎಲೀಸ್ ಮುಂದೆ ಅಯಸ್ಕಾಂತ ಕೆಲಸಕ್ಕೆ ಬಾರದು. 1996ರಲ್ಲಿ ಬಂದ ಎಲೀಸ್‌ನ ಷಾಸಿ ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಜೋಡಿಸಿದ್ದು. ಅದು ಬಾಗಿದ್ದರೆ ಎಳೆದು ನೆಟ್ಟಗೆ ಮಾಡುವ ಮಾತಿಲ್ಲ, ಹಾಗಾಗಿ ಅಲ್ಲಿ ಬಣ್ಣ ಬಿಟ್ಟು ಷಾಸಿಯನ್ನೇ ನೋಡಿ.

ತಣ್ಣಗಿರುವ ಇಂಜಿನ್

ಹೊರಡುವ ಮುನ್ನ ಮಾರುವವರಿಗೆ ಒಂದೇ ಒಂದು ವಿನಂತಿ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಬಾಡಿ ಮಾತ್ರ ನೋಡಿ ಬನ್ನಿ, ಇಂಜಿನ್‌ಗೆ ಇನ್ನೊಂದು ದಿನ ಹೋಗಿ. ಹಳೆಯ ಇಂಜಿನ್ನಿನ ಗುಟ್ಟುಗಳೆಲ್ಲ ರಾತ್ರಿಯಿಡೀ ನಿಂತು ಬೆಳಿಗ್ಗೆ ಎದ್ದ ಮೊದಲ ಕೆಲವು ಸೆಕೆಂಡುಗಳಲ್ಲಿ ಕೇಳಿಸುತ್ತವೆ. ಬಿಸಿಯಾದ ಮೇಲೆ ಎಷ್ಟೋ ಮುಚ್ಚಿಹೋಗುತ್ತವೆ.

ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಮೀಟರಿನ ದೀಪಗಳನ್ನು ನೋಡಿ. ಆಯಿಲ್, ಏರ್‌ಬ್ಯಾಗ್, ಚೆಕ್ ಇಂಜಿನ್ ಎಲ್ಲವೂ ಒಮ್ಮೆ ಹತ್ತಬೇಕು. ಹತ್ತದ ದೀಪ ಆರದ ದೀಪಕ್ಕಿಂತ ಅಪಾಯಕಾರಿ, ಯಾರೋ ಬಲ್ಬ್ ಕಿತ್ತಿರಬಹುದು. ಆಮೇಲೆ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ.

ಹೊಗೆಯ ಬಣ್ಣವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ: ನೀಲಿ ಎಂದರೆ ಆಯಿಲ್, ಬಿಡದ ಬಿಳಿ ಎಂದರೆ ಕೂಲೆಂಟ್, ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು. ಹೊಗೆ ಬರುವ ಹೊತ್ತು ಬಣ್ಣದಷ್ಟೇ ಮುಖ್ಯ. ಸ್ಟಾರ್ಟ್ ಆದ ಕೂಡಲೇ ಒಂದು ಉಸಿರು ನೀಲಿ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ, ರಾತ್ರಿ ಆಯಿಲ್ ತೊಟ್ಟಿಕ್ಕಿದೆ. ಇಳಿಜಾರಿನಲ್ಲಿ ಕಾಲೆತ್ತಿ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಬಂದರೆ ವಾಲ್ವ್ ಗೈಡ್ ಸವೆದಿದೆ; ಕಾಲೆತ್ತಿದಾಗ ಇಂಜಿನ್ ಒಳಗೆ ಉಂಟಾಗುವ ನಿರ್ವಾತ ಆಯಿಲನ್ನು ಕೆಳಕ್ಕೆ ಎಳೆಯುತ್ತದೆ. ಜೋರಾಗಿ ಎಳೆಯುವಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಮೊದಲನೆಯದರ ಜೊತೆ ಬಾಳಬಹುದು, ಮೂರನೆಯದಕ್ಕೆ ಇಂಜಿನ್ ಬಿಚ್ಚಬೇಕು.

ಆಯಿಲ್ ಮುಚ್ಚಳದ ಒಳಗೆ ಕೆನೆಬಣ್ಣದ ಲೋಳೆ ಕಂಡರೆ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ತೀರ್ಮಾನಿಸಬೇಡಿ. ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗದೆ ತೇವ ಹಾಗೆ ಕೂರುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ, ಕೂಲೆಂಟಿನಲ್ಲಿ ಎಣ್ಣೆಯ ಪೊರೆ ಇದ್ದರೆ ಆಗ ಗ್ಯಾಸ್ಕೆಟ್ ವಿಷಯ.

ಇಲ್ಲಿಂದ ಮುಂದಿನ ಎರಡು ಪರೀಕ್ಷೆಗಳಿಗೆ ಮೆಕ್ಯಾನಿಕ್ ಬೇಕು, ಆದರೆ ಅರ್ಥ ಮಾಡಿಕೊಂಡಿರುವುದು ನಮ್ಮ ಕೆಲಸ. ಕಂಪ್ರೆಷನ್ ಪರೀಕ್ಷೆಯಲ್ಲಿ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್‌ನಿಂದ ಇಂಜಿನ್ ತಿರುಗಿಸುತ್ತಾರೆ. ಪ್ರತಿ ಸಿಲಿಂಡರಿನ ಒತ್ತಡ ಬರೆದುಕೊಳ್ಳುತ್ತಾರೆ. ಅಂಕಿ ಎಷ್ಟು ಅನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಮುಖ್ಯ. 175, 172, 178, 140 ಅಂತ ಬಂದರೆ ನಾಲ್ಕನೆಯದಕ್ಕೆ ಏನೋ ಆಗಿದೆ. ಆ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಲೀಕ್‌ಡೌನ್ ಪರೀಕ್ಷೆ ನನಗೆ ಇನ್ನೂ ಇಷ್ಟ, ಅದು ಕಿವಿಯಿಂದ ಮಾಡುವ ಪರೀಕ್ಷೆ. ಪಿಸ್ಟನ್ನನ್ನು ಮೇಲ್ತುದಿಗೆ ತಂದು ಪ್ಲಗ್ ತೂತಿನಿಂದ ಗಾಳಿ ತುಂಬಿದರೆ ಶೇಕಡಾ ಎಷ್ಟು ಸೋರುತ್ತಿದೆ ಅಂತ ಮೀಟರ್ ತೋರಿಸುತ್ತದೆ. ಶೇ 10ರ ಒಳಗಿದ್ದರೆ ಚೆನ್ನಾಗಿದೆ, 20 ದಾಟಿದರೆ ಚಿಂತೆಯ ಮಾತು. ಆಮೇಲೆ ‘ಸ್ಸ್ಸ್’ ಅನ್ನುವ ಸದ್ದು ಎಲ್ಲಿಂದ ಅಂತ ಕಿವಿಗೊಡಿ. ಸೈಲೆನ್ಸರಿನಿಂದ ಬಂದರೆ ಎಗ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಮುಚ್ಚಳದಿಂದ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಮಜ್ದಾ ಆರ್‌ಎಕ್ಸ್-7ನ ರೋಟರಿ ಇಂಜಿನ್‌ಗೆ ಸಾಮಾನ್ಯ ಕಂಪ್ರೆಷನ್ ಗೇಜು ಸುಳ್ಳು ಹೇಳುತ್ತದೆ. ಅದರ ಪ್ರತಿ ರೋಟರಿಗೆ ಮೂರು ಮುಖ, ಮಾಮೂಲಿ ಗೇಜು ಹಿಡಿದಿಡುವುದು ಮೂರರಲ್ಲಿ ಹೆಚ್ಚಿನದನ್ನು ಮಾತ್ರ. ತುದಿಯ ಸೀಲ್ ಒಂದು ಹೋಗಿದ್ದರೂ ಗೊತ್ತಾಗುವುದಿಲ್ಲ. ಮೂರೂ ಮುಖಗಳ ಅಂಕಿ ಬೇರೆ ಬೇರೆ ತೋರಿಸುವ ರೋಟರಿ ಟೆಸ್ಟರಿನ ವರದಿ ಇಲ್ಲದೆ ಆ ಕಾರಿಗೆ ಮುಂಗಡ ಕೊಡಬೇಡಿ.

ಹುಟ್ಟಿನಿಂದ ಬಂದ ರೋಗಗಳು

ಪ್ರತಿ ಮಾದರಿಗೂ ಅದರದ್ದೇ ದೌರ್ಬಲ್ಯ ಇರುತ್ತದೆ, ನೋಡಲು ಹೋಗುವ ಮುನ್ನ ಅದನ್ನು ಓದಿಕೊಂಡಿರಬೇಕು. ಬಿಎಂಡಬ್ಲ್ಯು ಇ46 ಎಂ3ಯಲ್ಲಿ ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದ ನೆಲದ ತಗಡು ಬಿರುಕು ಬಿಡುತ್ತದೆ. ಕೆಳಗಿನಿಂದ ಟಾರ್ಚ್ ಹಿಡಿದು, ಬೋಲ್ಟ್ ಸುತ್ತ ಕೂದಲೆಳೆಯಂಥ ಗೆರೆ ಇದೆಯೇ ಹುಡುಕಬೇಕು. ಪೋರ್ಷೆ 911ರ 996 ಪೀಳಿಗೆ (ಟರ್ಬೊ, ಜಿಟಿ ಮಾದರಿ ಬಿಟ್ಟು) ಮತ್ತು ಮೊದಲ ಬಾಕ್ಸ್‌ಟರ್‌ನ ನೀರು ತಂಪಿನ ಇಂಜಿನ್‌ಗಳಲ್ಲಿ, ಕ್ಯಾಮ್‌ಗಳನ್ನು ತಿರುಗಿಸುವ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್ ಹೆಸರಾಂತ ಸಮಸ್ಯೆ. ಅದು ಪುಡಿಯಾದರೆ ಕ್ಯಾಮ್ ಟೈಮಿಂಗ್ ತಪ್ಪಿ ಇಡೀ ಇಂಜಿನ್ನೇ ಹೋಗಬಹುದು.

ಹೀಗಾಗಿ ಇಂಥ ಕಾರಿನ ಆಯಿಲ್ ಫಿಲ್ಟರನ್ನು ಹೊರತೆಗೆಸಿ ನೋಡುವುದು ಒಳ್ಳೆಯ ಅಭ್ಯಾಸ. ಮಡಿಕೆ ಮಡಿಕೆಯಾದ ಆ ಕಾಗದವನ್ನು ಕತ್ತರಿಸಿ, ಹಿಂಡಿ, ಬಿಳಿ ಬಟ್ಟೆಯ ಮೇಲೆ ಬೀಸಣಿಗೆಯಂತೆ ಹರಡಿ. ಪಕ್ಕದಿಂದ ಬೆಳಕು ಬಿಟ್ಟು ಒಂದೊಂದೇ ಮಡಿಕೆ ಬಿಡಿಸಿದರೆ ಲೋಹದ ಚೂರು ಮಿಣುಕುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಅಂಟದೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ ಇರಬಹುದು. ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕರೆ ಚೈನ್ ಗೈಡ್ ಅಥವಾ ಬೇರಿಂಗ್ ಸೀಲಿನದಿರಬಹುದು. ಹತ್ತು ನಿಮಿಷದ ಈ ಕೆಲಸ ಮೀಟರಿನ ಯಾವ ಅಂಕಿಯೂ ಹೇಳದ್ದನ್ನು ಹೇಳುತ್ತದೆ.

ಓಡಿಸಿ ನೋಡುವುದು

ಗೇರ್‌ಬಾಕ್ಸ್ ತಣ್ಣಗಿರುವಾಗಲೇ ಎರಡನೇ ಗೇರಿಗೆ ಹಾಕಿ, ಮೂರರಿಂದ ಎರಡಕ್ಕೆ ಇಳಿಸಿ. ಕರ್ ಅಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೋ ಸವೆದಿದೆ. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಪೂರ್ತಿ ಆಕ್ಸಿಲರೇಟರ್ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಇನ್ನೊಂದು ವಿಷಯ ಸ್ಪೋರ್ಟ್ಸ್ ಕಾರಿಗೇ ವಿಶೇಷ. ಇಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇರುವುದರಿಂದ ಇಂಜಿನ್ ಸುರಕ್ಷಿತ ಅಂತ ಎಷ್ಟೋ ಜನ ನಂಬಿದ್ದಾರೆ. ಲಿಮಿಟರ್ ತಡೆಯುವುದು ಪೆಟ್ರೋಲ್ ಅಥವಾ ಕಿಡಿಯನ್ನು. ಐದಕ್ಕೆ ಹಾಕಲು ಹೋಗಿ ಮೂರಕ್ಕೆ ಹಾಕಿದರೆ ಇಂಜಿನ್ನನ್ನು ತಿರುಗಿಸುವುದು ಚಕ್ರಗಳು, ಆಗ ಲಿಮಿಟರ್ ಏನೂ ಮಾಡಲಾಗದು. 9000 ಆರ್‌ಪಿಎಂವರೆಗೆ ಹೋಗುವ ಹೋಂಡಾ ಎಸ್2000 ಕೂಡ ಅಂಥ ಒಂದು ತಪ್ಪಿನಿಂದ ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ ರಿಟೇನರ್ ಬಿರುಕು ಬಿಟ್ಟುಕೊಳ್ಳಬಹುದು. 996ನಂಥ ಕಾರುಗಳ ಕಂಪ್ಯೂಟರ್ ಈ ಅತಿವೇಗವನ್ನು ದಾಖಲಿಸಿಕೊಂಡಿರುತ್ತದೆ, ಓದಿಸಿ ನೋಡಿ. ಸ್ಕ್ಯಾನರ್ ಹಾಕಿದಾಗ ತಪ್ಪು ಕೋಡ್ ಇಲ್ಲ ಅಂತ ಖುಷಿಪಡುವ ಮುನ್ನ ರೆಡಿನೆಸ್ ಪುಟ (ಕಾರಿನ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಅಂತ ತೋರಿಸುವ ಪುಟ) ತೆರೆಯಿರಿ. ಅಲ್ಲಿ ಹಲವು ಪರೀಕ್ಷೆ ‘ಪೂರ್ಣವಾಗಿಲ್ಲ’ ಅಂತಿದ್ದರೆ, ನೀವು ಬರುವ ಸ್ವಲ್ಪ ಮೊದಲು ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು.

ವಾಪಸ್ ಬಂದ ಮೇಲೆ ಡಿಸ್ಕ್ ಮುಟ್ಟದೆ ನಾಲ್ಕೂ ಚಕ್ರದ ಬಳಿ ಕೈ ಹಿಡಿಯಿರಿ. ಒಂದು ಮಾತ್ರ ಹೆಚ್ಚು ಕಾವಿದ್ದರೆ ಅಲ್ಲಿ ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿದೆ. ನಿಂತ ಕಾರುಗಳಲ್ಲಿ ಇದು ಬಹಳ ಸಾಮಾನ್ಯ. ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ, ಬಿಸಿಯಲ್ಲಿ ಎಳೆದಾಡದೆ ಹತ್ತಬೇಕು.

ಕಾಗದಗಳಲ್ಲಿ ನಾನು ನೋಡುವುದು ಬಿಲ್ಲಿನ ದಿನಾಂಕ ಮತ್ತು ಅದರಲ್ಲಿ ಬರೆದ ಕಿಲೋಮೀಟರ್ ಎರಡನ್ನೂ. ಎರಡೂ ಜೊತೆಯಾಗಿ ಏರುತ್ತ ಹೋಗಬೇಕು. ನಡುವೆ ನಾಲ್ಕೈದು ವರ್ಷ ಖಾಲಿಯಿದ್ದರೆ ಆ ಕಾರು ಆಗ ಎಲ್ಲಿ, ಹೇಗೆ ನಿಂತಿತ್ತು ಅಂತ ಕೇಳಿ. ಷಾಸಿ ನಂಬರು 1981ರಿಂದೀಚಿನ ಕಾರುಗಳಲ್ಲಿ ಸಾಮಾನ್ಯವಾಗಿ 17 ಅಕ್ಷರ-ಅಂಕಿಗಳದ್ದು, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದಿಲ್ಲ. ಕಾಗದದಲ್ಲೂ ಕಾರಿನ ಮೇಲೂ ಅದು ಒಂದೇ ಇರಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ತಯಾರಾದ ದಿನಾಂಕದ ಚೀಟಿ ಸಿಗುತ್ತದೆ. ಅದು ಕಾರಿಗಿಂತ ಹೊಸದಾಗಿದ್ದರೆ ಹಿಂದೊಮ್ಮೆ ಅಪಘಾತ ಆಗಿರಬಹುದು.

ಕೊನೆಯ ಕೆಲಸ, ಕಾರನ್ನು ರ್ಯಾಂಪ್ ಮೇಲೆ ಏರಿಸುವುದು. ಖರ್ಚು ನನ್ನದೇ, ಮೆಕ್ಯಾನಿಕ್ ನೀವು ಹೇಳಿದವರೇ ಆಗಲಿ ಅಂದರೂ ಮಾರುವವರು ಒಪ್ಪದಿದ್ದರೆ, ಅಲ್ಲಿಯವರೆಗೆ ಎಷ್ಟೇ ಚೆನ್ನಾಗಿ ಕಂಡಿರಲಿ, ನಾನು ನಮಸ್ಕಾರ ಹೇಳಿ ವಾಪಸ್ ಬರುತ್ತೇನೆ.