ಮೂರು ಪಕ್ಷ ಒಪ್ಪಿದ ನೀರಿನ ಮೇಲೆ ನಂಬಿಕೆ ಯಾಕಿಲ್ಲ?

ಕೋಲಾರ, ಚಿಕ್ಕಬಳ್ಳಾಪುರದ ಯಾವ ಹಳ್ಳಿಗೆ ಹೋಗಿ ನೀರಿನ ಮಾತು ತೆಗೆದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಎತ್ತಿನಹೊಳೆ ನೀರು ನಿಜವಾಗಿ ಬರುತ್ತಾ ಸಾರ್?" ಕೇಳುವವರು ಕಾಂಗ್ರೆಸ್‌ನವರಿರಬಹುದು, ಬಿಜೆಪಿಯವರಿರಬಹುದು, ದಳದವರಿರಬಹುದು. ಅನುಮಾನ ಮಾತ್ರ ಎಲ್ಲರದ್ದೂ ಒಂದೇ. ಸಕಲೇಶಪುರದ ಬಳಿ ಪಶ್ಚಿಮಘಟ್ಟದಿಂದ ಕರಾವಳಿ ಕಡೆ ಹರಿಯುವ ಹೊಳೆಯ ನೀರನ್ನು ಇತ್ತ ತಿರುಗಿಸುವ, ಮೂರೂ ಪಕ್ಷಗಳ ಸರ್ಕಾರಗಳು ಕೈ ಹಾಕಿದ ಯೋಜನೆ ಇದು. ಆದರೂ ನಂಬಿಕೆ ಹುಟ್ಟಲಿಲ್ಲ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. 2007ರವರೆಗೆ ಎರಡೂ ಸೇರಿ ಒಂದೇ ಜಿಲ್ಲೆ. ಕೆರೆಗಳೇ ಬದುಕು. ಕೆರೆ ಬತ್ತಿದ ಮೇಲೆ ಬೋರ್‌ವೆಲ್ ಬಂತು. ಬೋರ್ ಸಾವಿರ ಅಡಿ ದಾಟಿತು, ನೀರಿನ ಜೊತೆ ಫ್ಲೋರೈಡ್ ಬಂತು. ಪಶ್ಚಿಮಘಟ್ಟದ ನೀರನ್ನು ಈ ಕಡೆ ತಿರುಗಿಸಬಹುದು ಎಂದು ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ವರದಿ ಕೊಟ್ಟರು. ಆ ವರದಿಯನ್ನೇ ಹಿಡಿದು ಜನ ಶಾಶ್ವತ ನೀರಾವರಿ ಬೇಕೆಂದು ಧರಣಿ ಕೂತರು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೇ ಹೊರಟರು. ಇದು 'ಪಕ್ಷಾತೀತ' ಹೋರಾಟ ಅಂದರು.

ಸರ್ಕಾರದ ಕಡೆಯ ಕಥೆ ಹೀಗಿದೆ. 2012ರಲ್ಲಿ ಬಿಜೆಪಿ ಸರ್ಕಾರ ಎತ್ತಿನಹೊಳೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಅಂದಾಜು ಸುಮಾರು 8,323 ಕೋಟಿ ರೂಪಾಯಿ. 2014ರಲ್ಲಿ ಕಾಂಗ್ರೆಸ್ ಸರ್ಕಾರ ಅದನ್ನು 12,912 ಕೋಟಿಗೆ ಏರಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆ ಬಾಗಿಲಲ್ಲಿದ್ದಾಗ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆ ಆಯಿತು. 2018ರಲ್ಲಿ ದಳ-ಕಾಂಗ್ರೆಸ್ ಸರ್ಕಾರ, ಮರುವರ್ಷ ಮತ್ತೆ ಬಿಜೆಪಿ. 2023ರಲ್ಲಿ ಅಂದಾಜು 23,251 ಕೋಟಿ ಮುಟ್ಟಿತು. ಸರ್ಕಾರ ಬದಲಾದರೂ ಕೆಲಸ ನಿಲ್ಲಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ?

ಯೋಜನೆಯ ಲೆಕ್ಕದಲ್ಲಿ ವರ್ಷಕ್ಕೆ ಸಿಗುವ ನೀರು 24 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅಷ್ಟು ಸಿಗುವುದಿಲ್ಲ, 9.5 ಟಿಎಂಸಿ ಆಸುಪಾಸು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೇಳಿದರು. ನಮ್ಮ ಪಾಲಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. ಆದರೆ ನಮ್ಮ ಕಡೆಯ ಯಾವ ಪಕ್ಷಕ್ಕೂ ಇದನ್ನು ಪಟ್ಟು ಹಿಡಿದು ಕೇಳುವ ಧೈರ್ಯ ಬರಲಿಲ್ಲ. ಕೇಳಿದವರು ನೀರಿನ ವಿರೋಧಿ ಅನ್ನಿಸಿಕೊಳ್ಳುತ್ತಾರೆ ಅನ್ನುವ ಭಯ. ಅತ್ತ ಕರಾವಳಿಯಲ್ಲಿ ಇದೇ ಯೋಜನೆಯ ವಿರುದ್ಧ ದೊಡ್ಡ ಹೋರಾಟ ನಡೆಯಿತು. ಇಲ್ಲಿ ಹೌದು ಅಂದ ಪಕ್ಷದ ನಾಯಕರೇ ಅಲ್ಲಿ ಬೇಡ ಅಂದರು. ಘಟ್ಟ ಇಳಿದರೆ ಮಾತು ಬದಲಾಗುತ್ತದೆ ಎಂದರೆ ಜನ ಯಾವ ಮಾತನ್ನು ನಂಬಬೇಕು?

ನಮ್ಮಲ್ಲಿ 'ಪಕ್ಷಾತೀತ' ಅಂದರೆ ಪಕ್ಷವನ್ನು ಬಾಗಿಲಾಚೆ ಬಿಟ್ಟು ಬರುವುದು. 'ಸರ್ವಪಕ್ಷ' ಅಂದರೆ ಎಲ್ಲರನ್ನೂ ಕರೆದು ಕೂರಿಸುವುದು. ಇವೆರಡೂ ಅಲ್ಲದ ಇನ್ನೊಂದು ದಾರಿ ಇದೆ. ತನ್ನ ಪಕ್ಷದಲ್ಲೇ ಇದ್ದುಕೊಂಡು, ಎದುರು ಪಕ್ಷದ ಕೆಲಸವನ್ನು ತೂಗಿ ನೋಡಿ, ಷರತ್ತು ಹಾಕಿ, ಆಮೇಲೆ ಕೈ ಜೋಡಿಸುವುದು. ಅಮೆರಿಕದಲ್ಲಿ 1948ರಲ್ಲಿ ಹೀಗಾಯಿತು. ಯುದ್ಧದಲ್ಲಿ ನುಚ್ಚುನೂರಾಗಿದ್ದ ಯುರೋಪಿಗೆ ನೆರವು ಕೊಡುವ ಮಾರ್ಷಲ್ ಯೋಜನೆ ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್ ಅವರದ್ದು. ಆದರೆ ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿತ್ತು. ಅವರ ಹಿರಿಯ ಸೆನೆಟರ್ ಆರ್ಥರ್ ವ್ಯಾಂಡೆನ್‌ಬರ್ಗ್ ಸುಮ್ನೆ ತಲೆಯಾಡಿಸಲಿಲ್ಲ. ಹಣ ಹಂಚಲು ಬೇರೆಯೇ ಸಂಸ್ಥೆ ಬೇಕು ಅಂದರು, ಅದು ಆಯಿತು. ಅದರ ಮುಖ್ಯಸ್ಥರಾಗಿ ಬಂದವರೂ ರಿಪಬ್ಲಿಕನ್ ಪಕ್ಷದ ಉದ್ಯಮಿ. ನಮಗೆ ಬೇಕಿದ್ದದ್ದು ಇಂಥ ಒಪ್ಪಿಗೆ. ಸಿಕ್ಕಿದ್ದು ಪ್ರಶ್ನೆ ಕೇಳದ ಒಪ್ಪಿಗೆ.

ನಮ್ಮ ಕಾನೂನಲ್ಲೂ ಒಂದು ತೊಡಕಿದೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ, ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದ ಶಾಸಕರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಕ್ಷದಲ್ಲಿದ್ದುಕೊಂಡೇ ಒಂದು ವಿಷಯಕ್ಕೆ ಮಾತ್ರ ಆ ಕಡೆಯವರ ಜೊತೆ ಮತ ಹಾಕುವುದು ಕಷ್ಟ. ರಾಜೀನಾಮೆ ಕೊಟ್ಟು ಪಕ್ಷವನ್ನೇ ಬದಲಿಸುವುದು ಸುಲಭ. 2019ರಲ್ಲಿ ರಾಜ್ಯದ 17 ಶಾಸಕರು ಅನರ್ಹರಾದರು. ಚಿಕ್ಕಬಳ್ಳಾಪುರದ ಶಾಸಕರೂ ಅವರಲ್ಲಿ ಒಬ್ಬರು. ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಪಕ್ಷದಿಂದ ನಿಂತು ಗೆದ್ದು ಬಂದರು.

ಪಕ್ಕದ ತುಮಕೂರಿನಲ್ಲಿ ಅದೇ ವರ್ಷ ಇನ್ನೊಂದು ಬಗೆಯ ಅಪನಂಬಿಕೆ ಕಂಡಿತು. ಲೋಕಸಭೆ ಚುನಾವಣೆಗೆ ಕಾಂಗ್ರೆಸ್, ದಳ ಒಂದಾಗಿ ಮಾಜಿ ಪ್ರಧಾನಿ ದೇವೇಗೌಡರನ್ನು ನಿಲ್ಲಿಸಿದವು. 13 ಸಾವಿರ ಮತಗಳಿಂದ ಅವರು ಸೋತರು. ಮೇಲೆ ನಾಯಕರು ಕೈ ಹಿಡಿದುಕೊಂಡರು, ಕೆಳಗೆ ಬೂತ್‌ಗಳಲ್ಲಿ ಕಾರ್ಯಕರ್ತರ ಮನಸ್ಸು ಕೂಡಲಿಲ್ಲ ಅನ್ನುವುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ವರ್ಷಗಟ್ಟಲೆ ಡೇರಿ ಚುನಾವಣೆ, ಸೊಸೈಟಿ ಚುನಾವಣೆಯಲ್ಲಿ ಎದುರುಬದುರು ನಿಂತವರು ಒಂದು ತಿಂಗಳಲ್ಲಿ ಒಂದಾಗಲಿ ಅಂದರೆ ಹೇಗೆ ಆಗುತ್ತೆ, ಅಲ್ವಾ?

ಆದರೂ ನನಗೆ ಭರವಸೆ ಕಾಣುವ ಜಾಗ ಕೋಲಾರದಲ್ಲೇ ಇದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಎದ್ದಿತು. ಹೋರಾಟಗಾರರು ಹೈಕೋರ್ಟ್‌ಗೆ ಹೋದರು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಮುಟ್ಟಿತು. ನೀರು ನಿಂತಿತು, ಮತ್ತೆ ಹರಿಯಿತು. ಕೆರೆಗಳು ತುಂಬಿದವು, ಸುತ್ತಲ ಬೋರ್‌ಗಳಲ್ಲೂ ನೀರು ಮೇಲೆ ಬಂತು. ನೀರು ಬರಲಿ, ಆದರೆ ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಎಂದು ಜನ ಕೇಳುತ್ತಲೇ ಇದ್ದಾರೆ. ಬೇಕು ಅನ್ನುವುದನ್ನೂ, ಹೀಗೆ ಬೇಡ ಅನ್ನುವುದನ್ನೂ ಒಟ್ಟಿಗೆ ಹೇಳುವವರು ಇವರು.

2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಎತ್ತಿನಹೊಳೆಯ ಮೊದಲ ಹಂತದ ಪಂಪ್‌ಗಳು ಶುರುವಾದವು. ಮುದ್ದೇನಹಳ್ಳಿಯ ಅಡಿಗಲ್ಲಿಗೆ ಆಗ ಹತ್ತು ವರ್ಷ ಕಳೆದಿತ್ತು. ಆ ದಿನ ಎತ್ತಿದ ನೀರು ಚಿಕ್ಕಬಳ್ಳಾಪುರದ ಕಡೆ ಬರಲಿಲ್ಲ.