ಅನೊರಾಕ್: ಡ್ಯಾನಿಶ್ ಅನ್ನಿಸಿಕೊಂಡ ಅಂಗಿ

ತಲೆ ಮೇಲಿಂದ ತೊಡುವ, ಟೋಪಿ ಸೇರಿಸಿಯೇ ಹೊಲಿದ ಚಳಿ ಅಂಗಿಗೆ ಅನೊರಾಕ್ ಎಂದು ಹೆಸರು. ಈಗ ಜಿಪ್ ಇರುವ ಜಾಕೆಟ್ಟೂ ಅನೊರಾಕೇ. ಈ ಪದ ಡೆನ್ಮಾರ್ಕಿನ ಡ್ಯಾನಿಶ್ ಭಾಷೆಯದು ಅನ್ನುವವರಿದ್ದಾರೆ, ಗ್ರೀನ್‌ಲ್ಯಾಂಡಿನದು ಅನ್ನುವವರೂ ಇದ್ದಾರೆ.

1721ರಲ್ಲಿ ಡೆನ್ಮಾರ್ಕ್-ನಾರ್ವೆ ರಾಜ್ಯದಿಂದ ಹಾನ್ಸ್ ಎಗೆಡೆ ಎಂಬ ಪಾದ್ರಿ ಗ್ರೀನ್‌ಲ್ಯಾಂಡಿಗೆ ಹೋಗಿ ನೆಲೆಸಿದರು. 1776ರಿಂದ 1950ರವರೆಗೆ ಅಲ್ಲಿನ ವ್ಯಾಪಾರವೆಲ್ಲ ಡ್ಯಾನಿಶ್ ಸರ್ಕಾರದ ಒಂದೇ ಸಂಸ್ಥೆಯ ಕೈಯಲ್ಲಿತ್ತು. ಸೀಲ್ ಎಂಬ ಕಡಲ ಪ್ರಾಣಿಯ ಎಣ್ಣೆ, ಚರ್ಮ ಡೆನ್ಮಾರ್ಕಿಗೆ ಹೋದ ದಾರಿಯಲ್ಲೇ ಪದಗಳೂ ಹೋದವು. ಕಾಲಿಗೆ ಹಾಕುವ ಕಮಿಕ್ ಬೂಟಿನ ಹೆಸರೂ ಹೀಗೇ ಡ್ಯಾನಿಶ್ ಸೇರಿತು.

ಅಂಗಿ ಮಾತ್ರ ಸುಮ್ನೆ ಹುಟ್ಟಿದ್ದಲ್ಲ. ಸೀಲ್ ಚರ್ಮವನ್ನು ಹದ ಮಾಡಿ, ಪ್ರಾಣಿಯ ಸ್ನಾಯುನಾರಿನಿಂದ ಹೆಂಗಸರು ಹೊಲಿಯುತ್ತಿದ್ದರು. ಸೂಜಿ ಚರ್ಮದ ಆಚೆ ಬದಿಗೆ ತೂರಬಾರದು, ಅರ್ಧಕ್ಕೇ ತಿರುಗಬೇಕು. ಒದ್ದೆಯಾದಾಗ ನಾರು ಉಬ್ಬಿ ತೂತು ಮುಚ್ಚುತ್ತದೆ. ಮೇಲೆಲ್ಲ ಮುಚ್ಚಿ, ಕೂರಲು ಒಂದು ಬಾಯಿ ಮಾತ್ರ ಬಿಟ್ಟ ಕಯಾಕ್ ದೋಣಿಯಲ್ಲಿ ಬೇಟೆಗೆ ಹೋಗುವವರಿಗೆ ತುಯಿಲಿಕ್ ಎಂಬ ಬೇರೆಯೇ ಅಂಗಿ. ಅದರ ಕೆಳಗಿನ ಅಂಚನ್ನು ದೋಣಿಯ ಬಾಯಿಗೆ ಬಿಗಿದು ಕಟ್ಟುತ್ತಿದ್ದರು. ದೋಣಿ ಮಗುಚಿದರೂ ಒಳಗೆ ನೀರು ನುಗ್ಗದು. ಇಷ್ಟು ಜಾಣತನದ ಬಟ್ಟೆಗೆ ಹೊರಗಿನವರು ಹೆಸರಿಟ್ಟರು ಎಂದರೆ ನಂಬುವುದು ಕಷ್ಟ ಅಲ್ವಾ?

ಗ್ರೀನ್‌ಲ್ಯಾಂಡಿನವರ ಬಾಯಲ್ಲಿ ಅದು 'ಅನ್ನೊರಾಕ್'. 'ನ' ಒತ್ತಿ ಬರುತ್ತದೆ, ಕೊನೆಯ 'ಕ್' ಗಂಟಲಾಳದ್ದು, ಉರ್ದುವಿನವರು 'ಕಲಮ್' ಅನ್ನುವಾಗ ಬರುವಂಥದ್ದು. ಡ್ಯಾನಿಶ್‌ನಲ್ಲಿ ಆ ಸದ್ದಿಲ್ಲ, ಹಾಗಾಗಿ ಮಾಮೂಲಿ 'ಕ್' ಆಯಿತು. 1851ರಲ್ಲಿ ಗ್ರೀನ್‌ಲ್ಯಾಂಡಿಕ್ ವ್ಯಾಕರಣ ಬರೆದ ಸ್ಯಾಮ್ಯುಯೆಲ್ ಕ್ಲೈನ್‌ಶ್ಮಿಟ್ ಆ ಗಂಟಲ ಸದ್ದಿಗೊಂದು ಪ್ರತ್ಯೇಕ ಅಕ್ಷರ ಬಳಸಿದ್ದರು. ನೋಡಲು ಅದೂ 'ಕೆ' ಥರವೇ! 1973ರ ಕಾಗುಣಿತ ಸುಧಾರಣೆಯಲ್ಲಿ ಆ ಜಾಗಕ್ಕೆ 'ಕ್ಯೂ' ಬಂತು. 2009ರಲ್ಲಿ ಗ್ರೀನ್‌ಲ್ಯಾಂಡಿಕ್ ಅಲ್ಲಿನ ಏಕೈಕ ಅಧಿಕೃತ ಭಾಷೆಯಾಯಿತು. ಅಷ್ಟರಲ್ಲಿ ಡ್ಯಾನಿಶ್ ರೂಪವೇ ಯುರೋಪಿನ ಅಂಗಡಿಗಳಲ್ಲಿ ಗಟ್ಟಿಯಾಗಿ ಕೂತಿತ್ತು.

ಪದ ಇಂಗ್ಲಿಷ್‌ಗೆ ಹೋದದ್ದು 1920ರ ದಶಕದಲ್ಲಿ. ಬ್ರಿಟನ್ನಿನಲ್ಲಿ 1980ರ ದಶಕದಿಂದ ಅದೊಂದು ಗೇಲಿ ಮಾತು. ಚಳಿಯಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲಿನ ನಂಬರ್ ಬರೆದುಕೊಳ್ಳುವಂಥ ಹುಚ್ಚು ಹವ್ಯಾಸಿಗೆ 'ಅನೊರಾಕ್' ಅಂತಾರೆ. ಗ್ರೀನ್‌ಲ್ಯಾಂಡಿನ ಗಂಡಸರಿಗೆ ಮಾತ್ರ ಬಿಳಿ ಅನೊರಾಕ್ ಹಬ್ಬದ ಉಡುಪು. ಜೂನ್ 21ರ ರಾಷ್ಟ್ರೀಯ ದಿನಕ್ಕೂ ಅದೇ, ಮದುವೆಗೂ ಅದೇ.